ಗೌಡರ ಕಾರಿನ ಕನೆಕ್ಟಿಂಗ್ ರಾಡು

೧೯೬೬ರ ಬೇಸಿಗೆಯಲ್ಲಿ ನಾನು ಸಾಗರದ ಒಂದು ಖಾಸಗಿ ಗ್ಯಾರೇಜಿನಲ್ಲಿ ಹೆಡ್ ಮೆಕ್ಯಾನಿಕ್ ಆಗಿದ್ದೆ. ಅಣೆಕಟ್ಟಿನ ಕೆಲಸಕ್ಕೆ ಓಡಾಡುತ್ತಿದ್ದ ಲಾರಿ, ಜೀಪುಗಳು ಕಡಿಮೆಯಾಗಿ, ಬಾಡಿಗೆ ಕಾರುಗಳು ನಮ್ಮ ಕೈಗೆ ಬರತೊಡಗಿದ್ದ ಕಾಲ ಅದು. ಹೆಚ್ಚಿನವು ಯಾರೋ ಉಳ್ಳವರು ಓಡಿಸಿ ಬಿಟ್ಟ ಹಳೆಯ ಕಾರುಗಳು. ಆ ವರ್ಷ ಮಳೆಗಾಲಕ್ಕೆ ಸ್ವಲ್ಪ ಮೊದಲು ಅಂಥ ಒಂದು ಕಾರನ್ನು ಲಾರಿಯೊಂದು ಹಗ್ಗ ಕಟ್ಟಿ ಎಳೆದುಕೊಂಡು ಬಂದು ನಮ್ಮ ಅಂಗಳದಲ್ಲಿ ನಿಲ್ಲಿಸಿತು.

ಸ್ಟಿಯರಿಂಗ್ ಹಿಡಿದು ಕೂತಿದ್ದವನು ಈರಪ್ಪ. ವಯಸ್ಸು ಮೂವತ್ತರ ಹತ್ತಿರ. ಸೈನ್ಯದಲ್ಲಿ ಲಾರಿ ಓಡಿಸಿ ಊರಿಗೆ ಮರಳಿದ್ದ. ಅವನ ತಂದೆ ಕೆರಿಯಪ್ಪ ಹುಂಚದ ಹತ್ತಿರದ ಒಂದು ಹಳ್ಳಿಯಲ್ಲಿ ಸುಬ್ಬಯ್ಯಗೌಡರ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದರು. ಗೌಡರಿಗೆ ಕಣ್ಣು ಮಂಜಾಗಿ ಕಾರು ಓಡಿಸುವುದು ಕಷ್ಟವಾದಾಗ ಅದನ್ನು ಈರಪ್ಪನಿಗೇ ಮಾರಿದ್ದರು. ಅವನು ಅದನ್ನು ಹೊಸನಗರ, ತೀರ್ಥಹಳ್ಳಿಗಳ ನಡುವೆ ಬಾಡಿಗೆಗೆ ಬಿಟ್ಟಿದ್ದ. ಕೆಲವು ವಾರಗಳಲ್ಲೇ ಎಂಜಿನ್ನಿನಿಂದ ಸದ್ದು ಶುರುವಾಯಿತು.

ನಾನು ಎಂಜಿನ್ ಸ್ಟಾರ್ಟ್ ಮಾಡಿಸಿದೆ. ಕೆಳಗಿನಿಂದ ಸುತ್ತಿಗೆಯಲ್ಲಿ ಹೊಡೆದ ಹಾಗೆ ಸದ್ದು. ಸ್ಕ್ರೂಡ್ರೈವರಿನಿಂದ ಒಂದೊಂದೇ ಸ್ಪಾರ್ಕ್ ಪ್ಲಗ್ಗಿನ ಕರೆಂಟ್ ತಪ್ಪಿಸುತ್ತಾ ಹೋದೆ. ಆಗ ಆ ಸಿಲಿಂಡರಿನಲ್ಲಿ ಪೆಟ್ರೋಲ್ ಉರಿಯುವುದಿಲ್ಲ, ಅಲ್ಲಿ ಸಡಿಲವೇನಾದರೂ ಇದ್ದರೆ ಸದ್ದು ಮೆತ್ತಗಾಗುತ್ತದೆ. ಎರಡನೆಯದರಲ್ಲಿ ಬಹಳ ಮೆತ್ತಗಾಯಿತು, ಮೂರನೆಯದರಲ್ಲಿ ಸ್ವಲ್ಪ. ಕೂಡಲೇ ಎಂಜಿನ್ ನಿಲ್ಲಿಸಿದೆ.

"ಕನೆಕ್ಟಿಂಗ್ ರಾಡಿನ ಬೇರಿಂಗ್ ಹೋಗಿದೆ. ಎಣ್ಣೆ ಸರಿಯಾಗಿ ನೋಡ್ತಿದ್ದೆಯಾ?" ಎಂದು ಕೇಳಿದೆ.

ಈರಪ್ಪನ ಮುಖ ಬಿಗಿಯಿತು. "ಎಣ್ಣೆ ನೋಡ್ದೆ ಒಂದ್ ದಿನಾನೂ ಗಾಡಿ ತೆಗ್ದಿಲ್ಲ. ಎಲ್ರೂ ಅದನ್ನೇ ಕೇಳ್ತಾರೆ. ಗೌಡ್ರು ಕೊಡೋವಾಗ್ಲೇ ಇದು ಹಾಳಾಗಿತ್ತು."

ಈ ಮಾತನ್ನು ಅವನು ಹಿಂದಿನ ದಿನ ಹೊಸನಗರದ ಬಸ್ ಸ್ಟ್ಯಾಂಡಿನಲ್ಲಿ ಹತ್ತು ಜನರ ಮುಂದೆ ಆಡಿದ್ದನಂತೆ. ಸಂಜೆಯೊಳಗೆ ಅದು ಗೌಡರ ಕಿವಿಗೆ ಬಿದ್ದಿತ್ತು. ಈ ವರ್ಷ ಗದ್ದೆ ಯಾರಿಗೆ ಕೊಡುವುದು ಎಂದು ಯೋಚಿಸಬೇಕಾಗಿದೆ ಎಂದು ಅವರು ಕೆರಿಯಪ್ಪನಿಗೆ ಹೇಳಿಕಳಿಸಿದ್ದರು. ಉಳುವವನಿಗೇ ಗದ್ದೆ ಎನ್ನುವ ಕಾನೂನು ಇನ್ನೂ ಬಂದಿರದ ದಿನಗಳು. ಅಂಥ ಮಾತು ಬಂದಮೇಲೆ ಮನೆಯಲ್ಲಿ ಯಾರಿಗೂ ಊಟ ಸೇರುವುದಿಲ್ಲ.

ಮರುದಿನ ಬೆಳಗಿನ ಬಸ್ಸಿಗೆ ಕೆರಿಯಪ್ಪ ಒಬ್ಬರೇ ಬಂದರು. ಮಗ ಚಹಾ ಕುಡಿಯಲು ಹೋಗಿದ್ದ ಸಮಯ ನೋಡಿಕೊಂಡು ನನ್ನ ಹತ್ತಿರ ಬಂದು ಹೇಳಿದರು: "ಗೌಡ್ರೂ ಬತ್ತಾರಂತೆ, ಎದುರಿಗೇ ಬಿಚ್ಚಿ ನೋಡ್ಬೇಕಂತೆ. ಒಳಗೆ ಎಂತದೇ ಇರ್ಲಿ, ನಮ್ ಹುಡುಗಂದೇ ತಪ್ಪು ಅಂದ್ಬಿಡಿ ಮಾರಾಯ್ರೆ. ಅವ್ನು ಬೈಸ್ಕೊಂಡ್ರೆ ಬೈಸ್ಕೊಳ್ಲಿ. ನಾನು ಹುಟ್ಟಿದಾಗಿಂದ ಮಾಡಿದ ಗದ್ದೆ ಅದು."

ನಾನು ಅವರಿಗೆ ಕೂರಲು ಸ್ಟೂಲು ಕೊಟ್ಟೆ. ನನ್ನ ಮಾತಿನಿಂದ ಮಗನ ಮರ್ಯಾದೆಯೋ ಅಪ್ಪನ ಗದ್ದೆಯೋ, ಒಂದು ಹೋಗುವುದು ಖಂಡಿತ ಅನ್ನಿಸಿತ್ತು.

ಗೌಡರು ಬಸ್ಸಿಳಿದು ನಡೆದುಕೊಂಡೇ ಬಂದರು. ಎತ್ತರದ ಆಳು, ದಪ್ಪ ಕನ್ನಡಕ. ಈರಪ್ಪನ ಕಡೆ ನೋಡಲಿಲ್ಲ. ನನಗೆ ಇಷ್ಟೇ ಹೇಳಿದರು: "ಈ ಕಾರು ನೀವು ಹಿಂದೆ ಮುಟ್ಟಿದ್ದಲ್ಲ. ಅದಕ್ಕೇ ಇಲ್ಲಿಗೆ ಬಂದೆ. ಇದ್ದದ್ದು ಇದ್ದ ಹಾಗೆ ಹೇಳಿ."

ಕನೆಕ್ಟಿಂಗ್ ರಾಡ್ ಎಂದರೆ ಮೇಲೆ ಕೆಳಗೆ ಓಡುವ ಪಿಸ್ಟನ್ನನ್ನೂ ಸುತ್ತುವ ಕ್ರ್ಯಾಂಕ್‌ಶಾಫ್ಟನ್ನೂ ಜೋಡಿಸುವ ಉಕ್ಕಿನ ತೋಳು. ಅದರ ಕೆಳತುದಿ ಎರಡು ಹೋಳಾಗಿರುತ್ತದೆ. ಕೆಳಗಿನ ಹೋಳಿಗೆ ಕ್ಯಾಪ್ ಎನ್ನುತ್ತೇವೆ. ಎರಡು ಹೋಳುಗಳ ನಡುವೆ ಕ್ರ್ಯಾಂಕನ್ನು ಹಿಡಿದು ಬೋಲ್ಟ್ ಬಿಗಿಯುತ್ತಾರೆ. ಉಕ್ಕಿಗೆ ಉಕ್ಕು ತಾಗದಂತೆ ಮಧ್ಯೆ ಮೆದು ಲೋಹದ ಬೇರಿಂಗ್, ಅದರ ಮೇಲೆ ಎಣ್ಣೆಯ ತೆಳುವಾದ ಪದರ. ಅಷ್ಟೂ ಸರಿಯಿದ್ದರೆ ಎಂಜಿನ್ ವರ್ಷಗಟ್ಟಲೆ ಸದ್ದಿಲ್ಲದೆ ಓಡುತ್ತದೆ.

ಎಂಜಿನ್ನಿನ ತಳದ ಎಣ್ಣೆತಟ್ಟೆ, ಅಂದರೆ ಸಂಪ್, ಇಳಿಸಿದಾಗ ಎಣ್ಣೆಯಲ್ಲಿ ಬೇರಿಂಗಿನ ಚೂರುಗಳು ಮಿನುಗುತ್ತಿದ್ದವು. ಎಣ್ಣೆ ಮಾತ್ರ ಸಾಕಷ್ಟಿತ್ತು. ನಾಲ್ಕೂ ಕ್ಯಾಪ್ ಬಿಚ್ಚಿ ಬೇರಿಂಗುಗಳನ್ನು ಸಾಲಾಗಿ ಗೋಣಿಚೀಲದ ಮೇಲಿಟ್ಟೆ. ಎರಡನೆಯದೂ ಮೂರನೆಯದೂ ಸುಟ್ಟು ಕರಗಿದ್ದವು. ಒಂದನೆಯದೂ ನಾಲ್ಕನೆಯದೂ ಹೊಸದರಂತೆ ಹೊಳೆಯುತ್ತಿದ್ದವು.

"ಎಣ್ಣೆ ಇಲ್ಲದೆ ಓಡಿಸಿದ್ದರೆ ನಾಲ್ಕೂ ಸುಡಬೇಕಿತ್ತು. ಈರಪ್ಪನ ತಪ್ಪಲ್ಲ," ಎಂದೆ.

ಹೇಳಿದ ಕ್ಷಣವೇ ಕೆರಿಯಪ್ಪನ ಮುಖ ಕಂಡಿತು. ಮಗ ನಿರ್ದೋಷಿ ಎಂದು ಕೇಳಿ ಅಷ್ಟು ಹೆದರಿದ ತಂದೆಯನ್ನು ನಾನು ಮತ್ತೆಲ್ಲೂ ನೋಡಿಲ್ಲ. ಗೌಡರು ನಿಧಾನವಾಗಿ ಕೇಳಿದರು, "ಅಂದ್ರೆ ಗೊತ್ತಿದ್ದೂ ಕೊಟ್ಟೆ ಅಂತಲಾ?"

"ಇನ್ನೂ ನೋಡಿ ಮುಗಿದಿಲ್ಲ," ಎಂದೆ. ಸತ್ಯವಾಗಿಯೂ ಮುಂದೇನು ಎಂದು ನನಗೆ ತಿಳಿದಿರಲಿಲ್ಲ. ಕೈಗೆ ಕೆಲಸ ಬೇಕೆಂದು ಕ್ಯಾಪ್‌ಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯತೊಡಗಿದೆ. ಮಸಿ ಹೋದಮೇಲೆ ಪಕ್ಕದಲ್ಲಿ ಒತ್ತಿದ ಅಂಕಿ ಕಾಣಿಸಿತು. ಎರಡನೆಯ ರಾಡಿನಿಂದ ಬಿಚ್ಚಿದ ಕ್ಯಾಪಿನ ಮೇಲೆ ಮೂರು ಎಂದಿತ್ತು. ಮೂರನೆಯದರ ಮೇಲೆ ಎರಡು. ನನ್ನ ಕೈಯಲ್ಲೇ ಅದಲುಬದಲಾಯಿತೇನೋ ಎಂದು ಕಾರಿನಡಿ ಮಲಗಿ, ಪ್ರತಿ ರಾಡಿನ ತುದಿಯ ಸುಟ್ಟ ಕಲೆಗಳನ್ನು ಅದರಿಂದ ಬಿಚ್ಚಿದ ಕ್ಯಾಪಿನ ಕಲೆಗಳಿಗೆ ಹೋಲಿಸಿ ನೋಡಿದೆ. ನಾನು ತಪ್ಪಿರಲಿಲ್ಲ.

ರಾಡನ್ನೂ ಅದರ ಕ್ಯಾಪನ್ನೂ ಕಾರ್ಖಾನೆಯಲ್ಲಿ ಜೋಡಿಸಿಯೇ ರಂಧ್ರ ಕೊರೆಯುತ್ತಾರೆ. ಅದಕ್ಕೇ ಎರಡಕ್ಕೂ ಒಂದೇ ಅಂಕಿ. ಒಂದರ ಕ್ಯಾಪ್ ಇನ್ನೊಂದಕ್ಕೆ ಹಾಕಿದರೆ ಕೂರುತ್ತದೆ, ಬೋಲ್ಟೂ ಬಿಗಿಯುತ್ತದೆ, ಆದರೆ ರಂಧ್ರ ಪೂರ್ತಿ ದುಂಡಗಿರುವುದಿಲ್ಲ. ಒಂದು ಕಡೆ ಹಿಡಿಯುತ್ತದೆ. ಕಾರನ್ನು ಮೆಲ್ಲಗೆ, ಹಗುರವಾಗಿ ಓಡಿಸುವಷ್ಟು ದಿನ ತಿಳಿಯುವುದೇ ಇಲ್ಲ. ಜನ, ಸಾಮಾನು ತುಂಬಿಕೊಂಡು ಏರು ಹತ್ತಿಸತೊಡಗಿದರೆ ಬೇರಿಂಗ್ ಕಾದು ಕರಗುತ್ತದೆ.

"ಇದನ್ನು ಮೊದಲು ಯಾರು ಬಿಚ್ಚಿದ್ದರು ಗೌಡರೆ?"

ಗೌಡರು ಕ್ಯಾಪನ್ನು ಕನ್ನಡಕದ ಹತ್ತಿರ ಹಿಡಿದು ನೋಡಿದರು. "ಹೋದ ಬೇಸಿಗೇಲಿ ಪಿಸ್ಟನ್ ರಿಂಗ್ ಹಾಕ್ಸಿದ್ದೆ. ದೂರದ ಒಂದು ವರ್ಕ್‌ಶಾಪು. ನಾನು ಬಿಟ್ಟು ಬಂದೆ, ಮುಗಿದ್ಮೇಲೆ ತಂದೆ. ಆಮೇಲೆ ಸದ್ದೇ ಇರ್ಲಿಲ್ಲ. ನಾನು ಹುಂಚದಿಂದ ಆಚೆ ಹೋಗಿದ್ದೇ ಅಪರೂಪ."

"ರಿಂಗ್ ಹಾಕಲು ಕ್ಯಾಪ್ ಬಿಚ್ಚಲೇಬೇಕು, ಅಲ್ಲೇ ಅದಲುಬದಲಾಗಿದೆ. ನಿಮ್ಮಿಬ್ಬರಿಗೂ ತಿಳಿಯುವ ಹಾಗಿರಲಿಲ್ಲ," ಎಂದೆ. ಅಷ್ಟು ನಿರಾಳವಾಗಿ ನಾನು ಯಾವ ಮಾತನ್ನೂ ಆಡಿದ ನೆನಪಿಲ್ಲ.

ಗೌಡರು ಕ್ಯಾಪನ್ನು ಗೋಣಿಚೀಲದ ಮೇಲಿಟ್ಟರು. ಈರಪ್ಪ ಮುಂದೆ ಬಂದು, "ಬಸ್ ಸ್ಟ್ಯಾಂಡಲ್ಲಿ ಹಾಗೆ ಹೇಳ್ಬಾರ್ದಾಗಿತ್ತು ಗೌಡ್ರೆ," ಎಂದ.

"ಹೇಳ್ಬಾರ್ದಾಗಿತ್ತು," ಎಂದರು ಗೌಡರು. ಆಮೇಲೆ ಕೆರಿಯಪ್ಪನ ಕಡೆ ತಿರುಗಿದರು. "ಗದ್ದೆ ಮಾತು ನಾನೂ ಆಡ್ಬಾರ್ದಾಗಿತ್ತು. ಮಳೆ ಬತ್ತದೆ, ಹೋಗಿ ಹೂಟಿ ಶುರು ಮಾಡು."

ಕೆರಿಯಪ್ಪ ಎದ್ದು ನಿಂತವರು ಮತ್ತೆ ಸ್ಟೂಲಿನ ಮೇಲೆ ಕೂತುಬಿಟ್ಟರು. ಟವೆಲಿನಲ್ಲಿ ಮುಖ ಒರೆಸಿಕೊಂಡು, ಗ್ಯಾರೇಜಿನವರೆಲ್ಲರಿಗೂ ಚಹಾ ತರಿಸಬೇಕೆಂದು ಹಟ ಹಿಡಿದರು. ರಿಪೇರಿಯ ಖರ್ಚಿಗೆ ಗೌಡರೂ ಕೈ ಸೇರಿಸುವುದೆಂದು ಆ ಚಹಾ ಕುಡಿಯುವಾಗಲೇ ತೀರ್ಮಾನವಾಯಿತು.

ಮಾತು ಮುಗಿದಿತ್ತು, ಎಂಜಿನ್ ಇನ್ನೂ ಬಿಚ್ಚಿಯೇ ಇತ್ತು. ರಾಡುಗಳನ್ನು ಹೊರತೆಗೆದು ಬಿರುಕಿನ ಪರೀಕ್ಷೆ ಮಾಡಿದೆ. ರಾಡನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಿ, ಒರೆಸಿ ಒಣಗಿಸಿ, ಮೇಲೆ ಸೀಮೆಸುಣ್ಣದ ಪುಡಿ ಸವರುವುದು. ಕಣ್ಣಿಗೆ ಕಾಣದ ಬಿರುಕಿದ್ದರೆ ಒಳಗೆ ಇಳಿದ ಎಣ್ಣೆ ಜಿನುಗಿ ಬಿಳಿ ಪುಡಿಯ ಮೇಲೆ ಗೆರೆ ಮೂಡಿಸುತ್ತದೆ. ಎರಡನೆಯ ರಾಡಿನಲ್ಲಿ ಬೋಲ್ಟಿನ ರಂಧ್ರದ ಪಕ್ಕದಿಂದ ಕೂದಲೆಳೆಯಂಥ ಗೆರೆಯೊಂದು ಮೂಡಿತು. ಈರಪ್ಪ ಬಗ್ಗಿ ನೋಡುತ್ತಿದ್ದ.

"ಇದು ತುಂಡಾಗಿದ್ರೆ?"

"ಎಂಜಿನ್ ಒಡೆದುಕೊಂಡು ಹೊರಗೆ ಬರುತ್ತಿತ್ತು. ಏರಿನಲ್ಲಾದರೆ ಗಾಡಿ ಹಿಂದಕ್ಕೆ ಜಾರುತ್ತಿತ್ತು."

ಸದ್ದು ಜೋರಾದ ದಿನ ಅವನು ತೀರ್ಥಹಳ್ಳಿಯಿಂದ ಮದುವೆಯ ದಿಬ್ಬಣದವರನ್ನು ತುಂಬಿಕೊಂಡು ಬಂದಿದ್ದ. ಮಡಿಲಲ್ಲಿ ಮಕ್ಕಳೂ ಇದ್ದರಂತೆ. ಅದನ್ನು ನನಗೆ ಹೇಳಿ, ಹೊರಗೆ ಹೋಗಿ ಹಲಸಿನ ಮರದ ಕೆಳಗೆ ಬಹಳ ಹೊತ್ತು ಕೂತಿದ್ದ.

ಕ್ರ್ಯಾಂಕ್‌ಶಾಫ್ಟನ್ನು ಗೋಣಿಯಲ್ಲಿ ಸುತ್ತಿ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಒಯ್ದು, ಸುಟ್ಟ ಜಾಗಗಳನ್ನು ಗ್ರೈಂಡ್ ಮಾಡಿಸಿ, ಆ ಅಳತೆಗೆ ತಕ್ಕ ಬೇರಿಂಗುಗಳನ್ನೂ, ಬಿರುಕುಬಿಟ್ಟ ರಾಡಿಗೂ ಕ್ಯಾಪ್ ಅದಲುಬದಲಾಗಿ ಕೆಟ್ಟ ಮೂರನೆಯದಕ್ಕೂ ಬದಲಾಗಿ ಎರಡು ಹೊಸ ರಾಡುಗಳನ್ನೂ ತಂದೆ. ಹೊಸ ರಾಡು ಹಳೆಯದರಷ್ಟೇ ತೂಗಬೇಕು, ಇಲ್ಲದಿದ್ದರೆ ಎಂಜಿನ್ ನಡುಗುತ್ತದೆ. ಪಕ್ಕದ ದಿನಸಿ ಅಂಗಡಿಯ ತಕ್ಕಡಿ ಎರವಲು ತಂದು, ಹೆಚ್ಚಿದ್ದ ಕಡೆ ಅರದಲ್ಲಿ ಉಜ್ಜಿ ಸರಿದೂಗಿಸಿದೆ. ಅಂಗಡಿಯವನಿಗೆ ತಕ್ಕಡಿ ಎಣ್ಣೆಯಾಗುತ್ತದೆಂದು ಚಿಂತೆ. ಎರಡು ಸಲ ಬಂದು ನೋಡಿಕೊಂಡು ಹೋದ. ಜೋಡಿಸುವಾಗ ಪ್ರತಿ ರಾಡಿನ ಅಂಕಿಯನ್ನು ಈರಪ್ಪ ಗಟ್ಟಿಯಾಗಿ ಓದಿದ, ಕ್ಯಾಪಿನ ಅಂಕಿಯನ್ನು ನಾನು ಓದಿದೆ. ಬೋಲ್ಟ್ ಬಿಗಿದು, ಸಡಿಲವಾಗದಂತೆ ಪಿನ್ನು ಮಡಿಸಿದೆವು.

ಮೊದಲು ಪ್ಲಗ್ ತೆಗೆದು ಕೈಯಲ್ಲೇ ಎಂಜಿನ್ ಸುತ್ತಿಸಿದೆವು, ಎಣ್ಣೆ ಎಲ್ಲ ಕಡೆ ಹರಿಯಲಿ ಎಂದು. ಸ್ಟಾರ್ಟ್ ಮಾಡಿದಾಗ ಆಯಿಲ್ ಗೇಜಿನ ಮುಳ್ಳು ಏರಿ ನಿಂತಿತು. ನಾನು ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗಿಟ್ಟು ಎಂಜಿನ್ನಿನ ಉದ್ದಕ್ಕೂ ಕೇಳಿದೆ. ಹೊಲಿಗೆ ಯಂತ್ರದಂಥ ಸಣ್ಣ ಸದ್ದು, ಅಷ್ಟೇ.

ಅವತ್ತು ಗೌಡರೂ ಕೆರಿಯಪ್ಪನೂ ಬಂದಿದ್ದರು. ಪರೀಕ್ಷೆಗೆಂದು ಹೊಸನಗರದ ದಾರಿಯಾಗಿ ಹುಂಚದವರೆಗೆ ಹೋಗಿಬರುವುದೆಂದಾಯಿತು. ಕೆರಿಯಪ್ಪ ರೂಢಿಯಂತೆ ಹಿಂದಕ್ಕೆ ಸರಿದು ನಿಂತರು.

"ಮುಂದೆ ಕೂತ್ಕೋ. ನಿನ್ ಮಗನ ಗಾಡಿ," ಎಂದು ಗೌಡರು ತಾವು ನನ್ನ ಜೊತೆ ಹಿಂದೆ ಕೂತರು.

ಹೊಸ ಬೇರಿಂಗ್ ಪಳಗುವವರೆಗೆ ನಿಧಾನವಾಗಿ ಓಡಿಸಬೇಕು. ಈರಪ್ಪ ಹಾಗೆಯೇ ಓಡಿಸಿದ. ಹೊಸನಗರ ದಾಟಿದ ಮೇಲೆ ಮೊದಲ ದೊಡ್ಡ ಏರು ಬಂದಾಗ ನಾನು ಮುಂದಕ್ಕೆ ಬಗ್ಗಿ ಕಿವಿಗೊಟ್ಟೆ. ಎಂಜಿನ್ ಒಂದೇ ಸಮನೆ ಎಳೆದುಕೊಂಡು ಮೇಲೆ ಹತ್ತಿತು. ಸದ್ದು ಹೇಗಿದೆ ಎಂದು ಕೇಳಲು ಗೌಡರ ಕಡೆ ತಿರುಗಿದೆ. ಅವರು ತಲೆ ಸೀಟಿಗೆ ಒರಗಿಸಿ ನಿದ್ದೆ ಹೋಗಿದ್ದರು.

ಆಮೇಲೆ ಎಷ್ಟೋ ಎಂಜಿನ್ ಬಿಚ್ಚಿದೆ. ಸದ್ದು ಎಲ್ಲಿಂದ ಬರುತ್ತದೆ ಎಂದು ಕಿವಿ ಹೇಳಬಲ್ಲದು. ಯಾಕೆ ಬರುತ್ತದೆ ಎಂದು ಹೇಳಲಾರದು. ಆ ಎರಡರ ನಡುವೆ ಆತುರ ಪಟ್ಟರೆ ಲೋಹಕ್ಕೆ ಏನೂ ಆಗುವುದಿಲ್ಲ, ಮನುಷ್ಯರಿಗೆ ಆಗುತ್ತದೆ. ಇದು ಯಾರ ತಪ್ಪು ಎಂದು ಗಿರಾಕಿ ಕೇಳಿದಾಗಲೆಲ್ಲ ನನ್ನ ಉತ್ತರ ಒಂದೇ: ಕೂತ್ಕೊಳ್ಳಿ, ಮೊದಲು ಬಿಚ್ಚಿ ತೊಳೆದು ನೋಡೋಣ.