ನನಗೆ ಕಾಣದ ನೇರಳೆ

ಸಹನಾ, ಅವತ್ತು ರಾಜಾಜಿನಗರದ ಅಂಗಡಿಯಲ್ಲಿ ಪಕ್ಕಪಕ್ಕ ಇಟ್ಟಿದ್ದ ಎರಡು ಮಾನಿಟರ್‌ಗಳಲ್ಲಿ ನನಗೆ ಬಣ್ಣದ ವ್ಯತ್ಯಾಸ ಕಾಣಿಸಲೇ ಇಲ್ಲ. ಕಾಣಿಸಿತು ಎಂದು ಸುಳ್ಳು ಹೇಳಿದೆ. ಆ ಸುಳ್ಳನ್ನು ನಂಬಿ ನೀನು ಒಂದನ್ನು ಕೊಂಡೆ. ಆಮೇಲೆ ಆದದ್ದೆಲ್ಲ — ಮದುವೆಯ ಸೀರೆಗಳು ಕೆಟ್ಟದ್ದು, ಈರಪ್ಪನ ಹೆಸರು ಕೆಟ್ಟದ್ದು, ನೀನು ಬಣ್ಣದ ಕೆಲಸವನ್ನೇ ಬಿಟ್ಟದ್ದು — ಅಲ್ಲಿಂದಲೇ ಶುರುವಾಯಿತು. ಮೂರು ವರ್ಷದಿಂದ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡೇ ನಿನಗೆ ಊಟ ಬಡಿಸುತ್ತಿದ್ದೇನೆ.

ಪ್ರಣವ್, ನೀನೂ ಓದು. ಅವತ್ತು ನಿನ್ನ ಅಕ್ಕನ ಜೊತೆ ನೀನೂ ಇದ್ದೆ.

ನಾನು ಹಳ್ಳಿಯ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವಳು. ಎದುರಿಗೆ ಕೂತು ಇಂಥದನ್ನು ಹೇಳಲು ನನಗೆ ಬಾಯಿ ಬರುವುದಿಲ್ಲ. ಸಹನಾ, ಹೇಳಬೇಕೆಂದು ಎಷ್ಟೋ ಸಲ ನಿನ್ನ ಕೋಣೆಯ ಬಾಗಿಲವರೆಗೆ ಬಂದು, ಕಾಫಿ ಬೇಕಾ ಎಂದು ಕೇಳಿ ಹಿಂದಕ್ಕೆ ಹೋಗಿದ್ದೇನೆ. ಅದಕ್ಕೇ ಬರೆಯುತ್ತಿದ್ದೇನೆ.

ಕುಣಿಗಲ್ ಕಡೆಯ ನಮ್ಮ ಹಳ್ಳಿಯಲ್ಲಿ ಯಾರ ಮನೆಯ ಮದುವೆಗೆ ಜವಳಿ ತೆಗೆಯಲು ಹೊರಟರೂ ನನ್ನನ್ನು ಜೊತೆಗೆ ಕರೆದುಕೊಂಡು ಹೋಗುತ್ತಿದ್ದರು. ಅಂಗಡಿಯವರು ದೀಪದ ಕೆಳಗೆ ಸೀರೆ ಹರಡಿ ತೋರಿಸಿದರೆ ನಾನು ಒಪ್ಪುತ್ತಿರಲಿಲ್ಲ. ಸೀರೆಯನ್ನು ಅಂಗಡಿಯ ಮೆಟ್ಟಿಲಿಗೆ ತಂದು, ಬಿಸಿಲಿಗೆ ಹಿಡಿದು ನೋಡಿ, ಆಮೇಲೆ ಹೂಂ ಎನ್ನುತ್ತಿದ್ದೆ. ನಾನು ಹೂಂ ಎಂದರೆ ಮುಗಿಯಿತು. ಬೇರೆ ಯಾವ ವಿಷಯಕ್ಕೂ ನನ್ನ ಮಾತು ಯಾರಿಗೂ ಬೇಕಿರಲಿಲ್ಲ, ನಾನೂ ಆಡುತ್ತಿರಲಿಲ್ಲ. ಇದೊಂದಿತ್ತು.

ನಿಮ್ಮ ತಾತ ಹೋದ ಮೇಲೆ ಅದೂ ನಿಂತಿತು. ಮದುವೆಯ ಜವಳಿಯನ್ನು ನನ್ನಂಥವಳು ಮುಟ್ಟಬಾರದಲ್ಲ. ಯಾರೂ ಬಾಯಿ ಬಿಟ್ಟು ಬೇಡ ಎನ್ನಲಿಲ್ಲ. ಕರೆಯುವುದನ್ನು ಬಿಟ್ಟರು, ಅಷ್ಟೇ. ಚಂದ್ರಾ ಲೇಔಟಿನ ಈ ಮನೆಗೆ ಬಂದ ಮೇಲೆ ಅದು ಮರೆತೇ ಹೋಗಿತ್ತು — ನೀನು ಸೀರೆಗಳ ಮೇಲೆ ಅಚ್ಚು ಹಾಕಿಸುವ ಡಿಸೈನ್ ಕೆಲಸ ಶುರು ಮಾಡಿ, ಪ್ರತಿಯೊಂದನ್ನೂ ನನಗೆ ತಂದು ತೋರಿಸುವವರೆಗೆ.

ಆಗ ನಿನಗೆ ಆ ದೊಡ್ಡ ಕೆಲಸ ಬಂತು. ಮಹಾಲಕ್ಷ್ಮಿ ಲೇಔಟಿನ ಮದುವಣಗಿತ್ತಿ ತೀರಿಹೋಗಿದ್ದ ತನ್ನ ತಾಯಿಯ ನೇರಳೆ ಸೀರೆಯನ್ನು ತಂದು ನಿನ್ನ ಕೈಗಿಟ್ಟಳು. ಅಮ್ಮನ ಈ ಬಣ್ಣದಲ್ಲೇ ನಮ್ಮ ಮನೆಯ ಹೆಂಗಸರಿಗೆಲ್ಲ ಸೀರೆ ಆಗಬೇಕು, ಮುಹೂರ್ತದ ಹೊತ್ತಿಗೆ ಎಲ್ಲರೂ ಅದನ್ನೇ ಉಟ್ಟು ನಿಲ್ಲಬೇಕು ಎಂದಳು. ನೀನು ಆ ಸೀರೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡೆ.

ನಿನ್ನ ಲ್ಯಾಪ್‌ಟಾಪ್ ಆ ಕೆಲಸಕ್ಕೆ ಆಗುತ್ತಿರಲಿಲ್ಲ. ಮುಚ್ಚಳವನ್ನು ಸ್ವಲ್ಪ ಹಿಂದೆ ಬಾಗಿಸಿದರೆ ನೇರಳೆ ನೀಲಿಯಾಗುತ್ತದೆ, ಮುಂದೆ ತಂದರೆ ಬದನೆಕಾಯಿ ಬಣ್ಣ ಬರುತ್ತದೆ, ಯಾವುದನ್ನು ನಂಬಲಿ ಎಂದು ಒದ್ದಾಡಿದೆ. ಬಣ್ಣ ಸರಿಯಾಗಿ ತೋರಿಸುವ ಮಾನಿಟರ್ ಬೇಕು ಎಂದೆ. ವಿಜಯನಗರದ ಅಂಗಡಿಯಲ್ಲಿ ಇದ್ದ ಒಂದೇ ಒಂದಕ್ಕೆ ಹಳೇ ಕಾಲದ ಕೇಬಲ್, ನಿನ್ನ ಲ್ಯಾಪ್‌ಟಾಪ್‌ಗೆ ಸೇರುತ್ತಿರಲಿಲ್ಲ. ಬಸವೇಶ್ವರನಗರದಲ್ಲಿ ಆಟ ಆಡುವವರಿಗೆಂದೇ ಮಾಡಿದ ಬಾಗಿದ ಮಾನಿಟರ್‌ಗಳು ಮಾತ್ರ. ಆನ್‌ಲೈನ್‌ನಲ್ಲಿ ಬೇಕಾದದ್ದು ಇತ್ತು, ಆದರೆ ಬರುವ ಹೊತ್ತಿಗೆ ಮದುವೆ ಹತ್ತಿರವಾಗುತ್ತದೆ. ಬರೀ ಫೋಟೋ ನೋಡಿ ಬಣ್ಣ ಹೇಗೆ ನಂಬುವುದು ಎಂದೂ ಅಂದೆ. ಕೊನೆಗೆ ರಾಜಾಜಿನಗರದ ಅಂಗಡಿಯಲ್ಲಿ ಎರಡು ಸಿಕ್ಕಿದವು. ನೀನು ಅಡುಗೆಮನೆಗೆ ಬಂದು, "ಅಜ್ಜಿ, ನೀವೂ ಬನ್ನಿ. ನಿಮ್ ಕಣ್ಣು ಬೇಕು" ಅಂದೆ.

ಎಷ್ಟು ವರ್ಷವಾಗಿತ್ತು ನನ್ನನ್ನು ಯಾರಾದರೂ ಹಾಗೆ ಕರೆದು —

ಆಗಲೇ ಹೇಳಬೇಕಿತ್ತು. ನನ್ನ ಕಣ್ಣಿಗೆ ಪೊರೆ ಕಟ್ಟುತ್ತಿದೆ ಎಂದು ನನಗೆ ಗೊತ್ತಿತ್ತು. ಬೀದಿ ದೀಪದ ಸುತ್ತ ಬಳೆಯಂಥ ಬೆಳಕು ಕಾಣುತ್ತಿತ್ತು. ಸೊಪ್ಪಿನಲ್ಲಿ ಹುಳ ಇದೆಯೇ ಎಂದು ಬೆರಳಲ್ಲಿ ತಡವಿ ನೋಡುತ್ತಿದ್ದೆ. ನಿಮ್ಮಮ್ಮ ಕೊಟ್ಟ ಹೊಸ ರವಿಕೆಯನ್ನು ಹಸಿರು ಎಂದುಕೊಂಡು ಹಸಿರು ಸೀರೆಗೆ ಹಾಕಿದೆ. ಅದು ನೀಲಿ ಎಂದು ಅವಳು ನಕ್ಕಾಗ ನಾನೂ ನಕ್ಕು ಮರೆಸಿದೆ. ಇಷ್ಟೆಲ್ಲ ಗೊತ್ತಿದ್ದೂ ಸೆರಗು ಸರಿಮಾಡಿಕೊಂಡು ಆಟೋ ಹತ್ತಿದೆ.

ಅಂಗಡಿಯವನು ಎರಡಕ್ಕೂ ತಂತಿ ಸೇರಿಸಿದ. ನೀನು ಆ ತಾಯಿಯ ಸೀರೆಯನ್ನು ಮಧ್ಯದಲ್ಲಿ ಹರಡಿ, ಅದರದೇ ಚಿತ್ರವನ್ನು ಎರಡರಲ್ಲೂ ತೆರೆದೆ. ಒಂದು ಮಂಕಾಗಿತ್ತು. ಇನ್ನೊಂದು ಫಳಫಳ ಹೊಳೆಯುತ್ತಿತ್ತು. ನಾನು ಅಭ್ಯಾಸಬಲದಿಂದ ಸೀರೆಯನ್ನು ಎತ್ತಿಕೊಂಡು ಬಾಗಿಲ ಹತ್ತಿರ ಬಿಸಿಲಿಗೆ ಹೊರಟೆ. ಅಂಗಡಿಯವನು ನಕ್ಕ.

"ಏನ್ ಅಜ್ಜಿ, ಸೀರೆ ಅಂಗಡಿ ಅನ್ಕೊಂಡ್ರಾ? ಇವೆಲ್ಲ ನಿಮ್ಗೆ ಎಲ್ಲಿ ಗೊತ್ತಾಗುತ್ತೆ, ಕೂತ್ಕೊಳ್ಳಿ."

"ಅಣ್ಣ, ನಮ್ಮಜ್ಜಿ ಕಣ್ಣು ಸ್ಕ್ಯಾನರ್ ಇದ್ದಂಗೆ. ನಿಮ್ ಅಂಗ್ಡಿನೇ ಫೇಲ್ ಮಾಡ್ತಾರೆ, ನೋಡ್ತಿರಿ" ಎಂದೆ ನೀನು, ಪ್ರಣವ್. ನನ್ನ ಪರವಾಗಿ ಎಷ್ಟು ಹೆಮ್ಮೆ ನಿನಗೆ.

ನಾನು ವಾಪಸು ಬಂದು ನೋಡಿದೆ. ಏನೂ ಕಾಣಲಿಲ್ಲ. ಎರಡರಲ್ಲೂ ಒಂದೇ ಕಂದುಗಪ್ಪು, ಸೀರೆಯೂ ಅದೇ. ಅಂಗಡಿಯವನು ಕೈ ಕಟ್ಟಿ ನೋಡುತ್ತಿದ್ದ. ಆಗ ಸಹನಾ, ನೀನು ಮೆಲ್ಲಗೆ, ನನ್ನ ಕಿವಿಯ ಹತ್ತಿರ, ಆ ಮಂಕಿನದನ್ನು ತೋರಿಸಿ ಹೇಳಿದೆ — "ಇದೇ ಸರಿ ಅನ್ಸುತ್ತೆ ಅಲ್ವಾ ಅಜ್ಜಿ? ಇನ್ನೊಂದ್ರಲ್ಲಿ ಕೆಂಪು ಜಾಸ್ತಿ ಇದೆ."

ಹೌದು ಎಂದಿದ್ದರೂ ಆಗುತ್ತಿತ್ತು. ಸುಳ್ಳೇ ಹೇಳಿದರೂ ನಿನ್ನ ಮಾತಿಗೆ ತಲೆಯಾಡಿಸಿದ್ದರೆ ಸಾಕಿತ್ತು. ಆದರೆ ನಿನಗೆ ಕಂಡದ್ದನ್ನೇ ಒಪ್ಪಿದರೆ ನಾನು ಬಂದದ್ದು ಏತಕ್ಕೆ — ಆ ಮನುಷ್ಯನ ಮುಂದೆ, ಆ ಕ್ಷಣದಲ್ಲಿ, ನನ್ನ ತಲೆಯಲ್ಲಿ ಇದ್ದದ್ದು ಇಷ್ಟೇ. ಹೊಳೆಯುವ ಮಾನಿಟರ್ ನನ್ನ ಕಣ್ಣಿಗೆ ಕೊಂಚ ಸಲೀಸಾಗಿ ಕಾಣುತ್ತಿತ್ತು. ಅದರ ಮೇಲೆ ಬೆರಳಿಟ್ಟೆ.

"ಅದಲ್ಲ ಕಣೇ, ಇದು. ಇದ್ರಲ್ಲೇ ಸೀರೆ ಸೀರೆ ಥರ ಇರೋದು."

ನೀನು ಒಮ್ಮೆ ನನ್ನ ಮುಖ ನೋಡಿದೆ. ಆಮೇಲೆ ಅದನ್ನೇ ಕಟ್ಟಿಕೊಡಲು ಹೇಳಿದೆ.

ಆ ಮಾನಿಟರ್ ಇದ್ದದ್ದಕ್ಕಿಂತ ಹೆಚ್ಚು ಕೆಂಪು ತೋರಿಸುತ್ತಿತ್ತು. ಹಾಗಾಗಿ ನೀನು ಅದರಲ್ಲಿ ಸೀರೆಗೆ ಸರಿಹೊಂದುವವರೆಗೆ ಕೆಂಪನ್ನು ತಗ್ಗಿಸುತ್ತಾ ಹೋದೆ. ಪರದೆಯ ಮೇಲೆ ನೇರಳೆ, ಬಟ್ಟೆಗೆ ಹೋಗುವ ಹೊತ್ತಿಗೆ ಬರೀ ನೀಲಿ. ಇದು ನನಗೆ ಅರ್ಥವಾಗಿದ್ದು ಬಹಳ ಆಮೇಲೆ.

ಅಷ್ಟಕ್ಕೇ ನಿಂತಿದ್ದರೂ ಉಳಿಯುತ್ತಿತ್ತು. ದೀಪಾಂಜಲಿ ನಗರದ ಹತ್ತಿರ ಬಟ್ಟೆಗೆ ಅಚ್ಚು ಹಾಕುತ್ತಿದ್ದ ಈರಪ್ಪ, ಬಿಜಾಪುರದ ಕಡೆಯಿಂದ ಬಂದವನು, ಮೊದಲು ಒಂದು ತುಂಡಿನ ಮೇಲೆ ಅಚ್ಚು ಹಾಕಿ ಕಳಿಸಿದ. ಒಪ್ಪಿಗೆಯಾದರೆ ಆ ತುಂಡು ವಾಪಸು ಅವನ ಹತ್ತಿರ ಹೋಗುತ್ತದೆ, ಅದನ್ನು ನೋಡಿಕೊಂಡು ಉಳಿದ ಸೀರೆಗಳನ್ನು ಮಾಡುತ್ತಾನೆ, ಅದು ಅವರ ಕ್ರಮ. ನೀನು ಟ್ಯೂಬ್‌ಲೈಟಿನ ಕೆಳಗೆ ಅದನ್ನು ನೋಡಿ, ನೀಲಿ ಹೊಡೀತಿದೆಯಲ್ಲ ಎಂದು ಗೊಣಗಿದೆ. ನಾನು ಅದನ್ನು ನಿನ್ನ ಕೈಯಿಂದ ತೆಗೆದುಕೊಂಡು ಬಾಲ್ಕನಿಗೆ ಹೋಗಿ ಬಿಸಿಲಿಗೆ ಹಿಡಿದೆ. ಆಗಲೂ ಕಾಣಲಿಲ್ಲ. ಒಂದು ಸಲ ಸರಿ ಎಂದ ಮೇಲೆ ಎರಡನೇ ಸಲ ಗೊತ್ತಾಗುತ್ತಿಲ್ಲ ಎಂದರೆ ಮೊದಲನೆಯದೂ ಸುಳ್ಳೆಂದು ತಿಳಿದುಬಿಡುತ್ತದೆ. ಸರಿಯಾಗಿದೆ, ಟ್ಯೂಬ್‌ಲೈಟಲ್ಲಿ ಹಾಗೆ ಕಾಣುತ್ತದೆ ಎಂದೆ. ನೀನು ಈರಪ್ಪನಿಗೆ ಫೋನು ಮಾಡಿ, ಆಗಬಹುದು ಎಂದು ಹೇಳಿ, ತುಂಡನ್ನು ವಾಪಸು ಕಳಿಸಿದೆ.

ಸೀರೆಗಳನ್ನು ಒಯ್ದು ಮಹಾಲಕ್ಷ್ಮಿ ಲೇಔಟಿನಲ್ಲಿ ಬಿಚ್ಚಿದ ದಿನದ ಬಗ್ಗೆ ನೀನು ನನಗೆ ಹೇಳಲಿಲ್ಲ. ನಿಮ್ಮಮ್ಮನ ಮುಂದೆ ಹೇಳುವುದನ್ನು ನಾನು ಕೇಳಿಸಿಕೊಂಡೆ. ಮದುವಣಗಿತ್ತಿ ತನ್ನ ತಾಯಿಯ ಸೀರೆಯನ್ನು ಮಡಿಸಿ ಎದೆಗೆ ಒತ್ತಿಕೊಂಡು ಒಳಗೆ ಹೋದಳಂತೆ. ಅವಳ ಸೋದರತ್ತೆ, ಯಾರು ನೋಡಿ ಒಪ್ಪಿದ್ದು ಇದನ್ನ ಎಂದು ಕೇಳಿದರಂತೆ. ನೀನು ನನ್ನ ಹೆಸರು ಹೇಳಲಿಲ್ಲ. "ಅಜ್ಜಿ ನೋಡಿದ್ದು ಅಂದ್ರೆ ಆ ಆಂಟಿ ಏನಂತಾರೆ ಗೊತ್ತಲ್ಲ ಅಮ್ಮ" ಎಂದು ನೀನು ಅಂದದ್ದು ನನ್ನ ಕಿವಿಗೆ ಬಿತ್ತು. ಮದುವೆಯ ಸೀರೆಯನ್ನು ವಿಧವೆ ಕೈಯಲ್ಲಿ ಮುಟ್ಟಿಸಿದಿರಾ ಎಂಬ ಮಾತು ನನ್ನ ಮೇಲೆ ಬೀಳದಂತೆ ನೀನು ಅಡ್ಡ ನಿಂತೆ. ನಾನು ಒಪ್ಪಿದ ತುಂಡು ಸರಿ ಇತ್ತೆಂದೇ ನೀನು ನಂಬಿದ್ದೆ. ತುಂಡು ಸರಿ ಇದ್ದ ಮೇಲೆ, ಆಮೇಲೆ ಬಣ್ಣ ಬದಲಿಸಿದವನು ಈರಪ್ಪನೇ ಇರಬೇಕಲ್ಲ. ಹಾಗೆಂದು ಆ ಮನೆಯವರೆಲ್ಲರ ಮುಂದೆ ಫೋನಿನಲ್ಲಿ ಅವನನ್ನು ಬೈದೆ. ನೀನು ಯಾರನ್ನೂ ಬೈದವಳಲ್ಲ.

ಮಾರನೆಯ ದಿನ ಈರಪ್ಪ ನಮ್ಮ ಮನೆಗೆ ಬಂದ. ನೀನಿರಲಿಲ್ಲ, ಅವನ ಫೋನನ್ನೂ ಎತ್ತುತ್ತಿರಲಿಲ್ಲ. ಗೇಟಿನ ಹೊರಗೇ ನಿಂತ. ಅವನ ಕೈಯಲ್ಲಿ ಆ ತುಂಡಿತ್ತು, ಜೊತೆಗೆ ಅವನ ಹತ್ತಿರ ಉಳಿದಿದ್ದ ಒಂದು ಸೀರೆ.

"ಅಮ್ಮಾರ, ನೀವ ಒಪ್ಪಿದ ತುಂಡ ಇದು. ಎರಡೂ ಒಂದ ಬಣ್ಣ ಅದಾವೋ ಇಲ್ಲೋ, ಬಿಸಲಾಗ ಹಿಡದ ನೋಡ್ರಿ. ನಾ ಬದಲಿ ಮಾಡಿದ್ರ ಮಾಡೀನಿ ಅನ್ರಿ. ಇಲ್ಲಂದ್ರ ಇಲ್ಲ ಅಂತ ಮೇಡಂ ಅವರಿಗೆ ಒಂದ ಮಾತ ಹೇಳ್ರಿ."

ನಾನು ಗೇಟಿನ ಒಳಗೆ, ಅವನು ಹೊರಗೆ. ಕೈ ಚಾಚಿ ಹಿಡಿದಿದ್ದ.

"ನಂಗೇನೂ ಗೊತ್ತಾಗಲ್ಲಪ್ಪ" ಎಂದೆ.

ಆ ಇಡೀ ಪ್ರಕರಣದಲ್ಲಿ ನಾನು ಆಡಿದ ನಿಜ ಅದೊಂದೇ. ಅದನ್ನೂ ಅವನು ಸುಳ್ಳೆಂದು ತಿಳಿಯುವ ಹಾಗೆ ಆಡಿದೆ. ಅವನು ಮೇಡಂ ಅವರಿಗೆ ಕೊಡ್ರಿ ಎಂದು ಆ ತುಂಡನ್ನು ಗೇಟಿನ ಮೇಲಿಟ್ಟು ಹೋದ. ನಾನು ನಿನಗೆ ಕೊಡಲಿಲ್ಲ. ನನ್ನ ಟ್ರಂಕಿನಲ್ಲಿ, ಸೀರೆಗಳ ತಳದಲ್ಲಿ ಬಚ್ಚಿಟ್ಟೆ.

ಅಲ್ಲಿಗೆ ನೀನು ಬಣ್ಣದ ಕೆಲಸ ಬಿಟ್ಟೆ. ಅಜ್ಜಿಗೆ ಸರಿ ಕಂಡದ್ದು ಎರಡು ಸಲವೂ ನನಗೆ ತಪ್ಪು ಕಂಡಿತು, ನನ್ನ ಕಣ್ಣನ್ನೇ ನಾನು ನಂಬೋ ಹಾಗಿಲ್ಲ ಎಂದೆ. ಈಗ ಯಾವುದೋ ಕಂಪನಿಯ ಬಿಲ್ಲುಗಳನ್ನು ತಾಳೆ ನೋಡುತ್ತೀಯ. ಆ ಮಾನಿಟರ್‌ನಲ್ಲೇ ನೋಡುತ್ತೀಯ. ಅದರಲ್ಲಿ ಈಗ ಬರೀ ಕಪ್ಪು ಬಿಳುಪು.

ಮಾರನೆಯ ವರ್ಷ ನಿಮ್ಮಪ್ಪ ನನ್ನನ್ನು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದ. ಎಷ್ಟು ದಿನದಿಂದ ಮಂಜು ಎಂದು ಡಾಕ್ಟರು ಕೇಳಿದರು. ಇತ್ತೀಚೆಗೆ ಎಂದೆ. ಬಹಳ ಹಳೆಯ ಪೊರೆಯಮ್ಮ ಇದು ಎಂದು ಅವರು ಅಂದಾಗ ನೀನು ಬಾಗಿಲ ಹೊರಗೆ ಕೂತಿದ್ದೆ — ಕೇಳಿಸಲಿಲ್ಲವಲ್ಲ ಎಂದು ನನಗೆ ಸಮಾಧಾನವಾಯಿತು. ಅಂಥ ಸಮಾಧಾನ ಪಟ್ಟವಳು ನಾನು.

ಆಪರೇಷನ್ ಆಗಿ ಕಣ್ಣಿನ ಕಟ್ಟು ಬಿಚ್ಚಿದ ಮೇಲೆ, ಮನೆಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ ಟ್ರಂಕು ತೆಗೆದು ಆ ತುಂಡನ್ನು ನೋಡಿದೆ. ನೀಲಿ. ಶಾಲೆಗೆ ಹೋಗುವ ಮಗು ಕೂಡ ಹೇಳುವಂಥ ನೀಲಿ. ಅದನ್ನು ಮಡಿಸಿ ಮತ್ತೆ ಸೀರೆಗಳ ತಳಕ್ಕೆ ಸೇರಿಸಿದೆ. ಆಮೇಲೂ ಬಾಯಿ ಬಿಡಲಿಲ್ಲ. ಆಮೇಲೂ ಇಷ್ಟು ಕಾಲ —

ಹೋದ ವಾರ ಈರಪ್ಪನ ಹತ್ತಿರ ಹೋಗಿದ್ದೆ. ದೇವಸ್ಥಾನಕ್ಕೆ ಎಂದು ನಿಮಗೆ ಹೇಳಿ ಆಟೋದಲ್ಲಿ ದೀಪಾಂಜಲಿ ನಗರಕ್ಕೆ ಹೋದೆ. ಈಗ ಅವನು ಇನ್ನೊಬ್ಬರ ಕೈಕೆಳಗೆ ಕೆಲಸ ಮಾಡುತ್ತಿದ್ದಾನೆ. ಆ ಮಹಾಲಕ್ಷ್ಮಿ ಲೇಔಟಿನವರು ಅವನ ಹೆಸರನ್ನು ಎಲ್ಲ ಕಡೆ ಹೇಳಿಕೊಂಡು ಬಂದಿದ್ದರಂತೆ, ಮದುವೆ ಕೆಲಸಗಳು ನಿಂತೇ ಹೋದವಂತೆ. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಅವನು ಕೈಯಲ್ಲಿದ್ದ ಬಟ್ಟೆಯನ್ನು ಕೆಳಗಿಡದೆ ಕೇಳಿದ. ಸಿಟ್ಟು ಮಾಡಲಿಲ್ಲ, ಕೂರಿ ಎಂದೂ ಅನ್ನಲಿಲ್ಲ.

"ಮೇಡಂ ಅವರಿಗೆ ಹೇಳೀರೇನ್ರಿ?"

ಇಲ್ಲ ಎಂದೆ.

"ಮತ್ತ ನನಗ ಹೇಳಿ ಏನ್ ಆತ್ರಿ" ಎಂದು ಕೆಲಸಕ್ಕೆ ತಿರುಗಿದ.

ಅದಕ್ಕೇ ಇದು. ಸಹನಾ, ಅಂಗಡಿಯಲ್ಲಿ ಮೊದಲು ನೀನು ತೋರಿಸಿದ ಮಂಕು ಮಾನಿಟರೇ ಸರಿ. ತುಂಡನ್ನು ನೋಡಿ ನೀಲಿ ಎಂದದ್ದೂ ಸರಿ. ಎರಡು ಸಲವೂ ನೀನು ಸರಿಯಾಗಿಯೇ ನೋಡಿದ್ದೆ, ಎರಡು ಸಲವೂ ನಾನು ಅಲ್ಲ ಎಂದೆ. ನಿನ್ನ ಕಣ್ಣಿನಲ್ಲಿ ಯಾವ ದೋಷವೂ ಇರಲಿಲ್ಲ. ಮತ್ತೆ ಆ ಕೆಲಸ ಹಿಡಿ ಎಂದು ಹೇಳುವ ಬಾಯಿ ನನಗಿಲ್ಲ. ಆದರೆ ಬಿಟ್ಟದ್ದಕ್ಕೆ ಕಾರಣ ನೀನಲ್ಲ ಎಂಬುದು ನಿನಗೆ ಗೊತ್ತಿರಬೇಕು. ಇದನ್ನು ಓದಿ ನೀನು ಸಿಟ್ಟಾದರೆ ಅದು ನಿನ್ನ ಹಕ್ಕು, ಸಮಾಧಾನ ಮಾಡಲು ನಾನು ಬರುವುದಿಲ್ಲ.

ಈ ಭಾನುವಾರ ಮಹಾಲಕ್ಷ್ಮಿ ಲೇಔಟಿಗೆ ಹೋಗುತ್ತೇನೆ, ಒಬ್ಬಳೇ. ಆ ಹುಡುಗಿಯ ಸೋದರತ್ತೆಯನ್ನು ಕರೆದು, ಈರಪ್ಪ ಬಣ್ಣ ಬದಲಿಸಲಿಲ್ಲ, ಒಪ್ಪಿದವಳು ನಾನು ಎಂದು ಹೇಳುತ್ತೇನೆ. ವಿಧವೆ ಮುಟ್ಟಿದ್ದಕ್ಕೇ ಹೀಗಾಯಿತು ಎಂದು ಅವರು ಅಂದೇ ಅನ್ನುತ್ತಾರೆ. ಮುಟ್ಟಿದ್ದರಿಂದ ಏನೂ ಆಗಲಿಲ್ಲ ತಾಯಿ, ಕಾಣದೆ ಕಂಡೆ ಎಂದದ್ದರಿಂದ ಆಯಿತು ಎಂದು, ಅವರ ಮುಖ ನೋಡಿ, ಕೇಳಿಸುವ ಹಾಗೆ ಹೇಳಿ ಬರುತ್ತೇನೆ.