ಸಾವಿರಕ್ಕೆ ಇಪ್ಪತ್ತನಾಲ್ಕು ಕೊಸರು

ಕೊಸರು ಕೇಳದೆ ನಾನು ಯಾವ ಸಾಮಾನನ್ನೂ ಕೊಂಡವಳಲ್ಲ. ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಅಮ್ಮನ ಪಕ್ಕ ಕೂತು ಕಲಿತ ವಿದ್ಯೆ ಅದು. ಅಮ್ಮ ನೂರು ಕಾಯಿ ಎಣಿಸಿ, ಮೇಲೆ ನಾಲ್ಕು ಹಾಕಿಸಿಕೊಂಡ ಮೇಲೆಯೇ "ನೂರಾಯ್ತು" ಅನ್ನೋಳು. ಎಂಬತ್ತರ ದಶಕದ ಕೊನೆಯಲ್ಲಿ ಕೋಲಾರದ ನನ್ನ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಹಳೇ ಕಂಪ್ಯೂಟರೊಂದನ್ನು ತಂದಾಗಲೂ, ಬೆಂಗಳೂರಿನ ಅಂಗಡಿಯವನ ಹತ್ತಿರ ಒಂದು ಡಬ್ಬಿ ಫ್ಲಾಪಿ ಕೊಸರು ಇಸ್ಕೊಂಡೇ ಬಸ್ ಹತ್ತಿದ್ದೆ.

ಆ ಡಬ್ಬಿಯಲ್ಲಿ ಒಂದೇ ಒಂದು ಫ್ಲಾಪಿ ಉಳಿದಿದ್ದ ದಿನದ ಕಥೆ ಇದು.

ಮುಳಬಾಗಿಲಿನ ಲೆಕ್ಚರರ್ ಒಬ್ಬರು ರೇಷ್ಮೆ ನೂಲು ತೆಗೆಯುವ ಕೆಲಸದ ಬಗ್ಗೆ ಇಂಗ್ಲಿಷಿನಲ್ಲಿ ಥೀಸಿಸ್ ಬರೆದಿದ್ದರು. ಟೈಪ್ ಮಾಡಿದ್ದು ನಾನು. ಮಾರನೇ ದಿನ ಯೂನಿವರ್ಸಿಟಿಗೆ ಒಪ್ಪಿಸಲು ಕಡೇ ದಿನ. ನನ್ನ ಪ್ರಿಂಟರ್ ಅವತ್ತೇ ಕೈಕೊಟ್ಟಿತ್ತು. ಫ್ಲಾಪಿ ತಗೊಂಡು ನಾಲ್ಕು ಗಂಟೆ ಬಸ್ಸಿಗೆ ಹೋದರೆ ಬೆಂಗಳೂರಲ್ಲಿ ಮುದ್ರಿಸಿಕೊಡುವವರಿದ್ದರು. ಫ್ಲಾಪಿ ಮೇಲೆ 360 ಕೆ ಅಂತ ಬರೆದಿತ್ತು. ಕೆ ಅಂದರೆ ಸಾವಿರ, ಒಂದು ಅಕ್ಷರಕ್ಕೆ ಒಂದು ಬೈಟು. ಥೀಸಿಸ್ಸಿನ ಫೈಲು ಮೂರು ಲಕ್ಷದ ಅರವತ್ತೊಂದು ಸಾವಿರದ ಇನ್ನೂರು ಬೈಟಿತ್ತು.

ಲೆಕ್ಚರರ್ ಮುಖ ಬಾಡಿಹೋಯಿತು. "ಸಾವಿರದಿನ್ನೂರು ಹೆಚ್ಚಾಗಿದೆ ಮೇಡಂ. ಕೊನೇ ಪುಟ ತೆಗೆದುಬಿಡಿ."

ಕೊನೇ ಪುಟದಲ್ಲಿದ್ದದ್ದು ಹೆಸರುಗಳು. ಬಿಸಿನೀರಿಗೆ ಕೈಯಿಟ್ಟು ಗೂಡಿನಿಂದ ಎಳೆ ತೆಗೆಯೋದನ್ನು ಅವರಿಗೆ ತೋರಿಸಿಕೊಟ್ಟ ನಲವತ್ತು ಹೆಂಗಸರವು. "ನಿಮ್ಮ ಹೆಸರು ಬುಕ್ಕಲ್ಲಿ ಬರುತ್ತೆ" ಅಂತ ಒಬ್ಬೊಬ್ಬರಿಗೂ ಮಾತು ಕೊಟ್ಟು ಬಂದಿದ್ದರಂತೆ.

"ಬೇರೆ ಪುಟ ತೆಗೀರಿ ಸಾರ್."

"ಬೇರೆ ಪುಟ ತೆಗೆದ್ರೆ ನನ್ನ ಗೈಡು ನನ್ನನ್ನೇ ತೆಗೀತಾರೆ."

ಬಾಗಿಲಲ್ಲಿ ಕೂತು ಅವರೆಕಾಯಿ ಸುಲೀತಿದ್ದ ಅಮ್ಮ ತಲೆ ಎತ್ತದೆಯೇ ತೆಲುಗು ಬೆರೆಸಿ ಕೇಳಿದಳು. "ಏನೇ, ವಂದ ಅಂಟೆ ವಂದೇನಾ? ನೂರು ಅಂದ್ರೆ ಬರೀ ನೂರೇನಾ? ಕೊಸರು ಕೇಳಿದ್ಯಾ?"

ತಟ್ಟನೆ ನೆನಪಾಯಿತು. ಕಂಪ್ಯೂಟರ್ ಕೊಳ್ಳುವಾಗ ಅಂಗಡಿಯವನ ಜೊತೆ ಇದಕ್ಕೇ ಜಗಳ ಆಡಿದ್ದೆ. ಪರದೆ ಮೇಲೆ ಬಂದ ಅಂಕಿ ಅವನು ಹೇಳಿದ ಅಂಕಿಗೆ ತಾಳೆಯಾಗದೆ, ಮೋಸ ಮಾಡ್ತೀಯಾ ಅಂತ ಹಿಡಿದುಕೊಂಡಿದ್ದೆ. ಅವನು ಬೆವರು ಒರೆಸಿಕೊಂಡು ವಿವರಿಸಿದ್ದ: ಈ ಯಂತ್ರಕ್ಕೆ ಇಮ್ಮಡಿ ಮಾಡೋದು ಬಿಟ್ಟರೆ ಬೇರೆ ಲೆಕ್ಕ ಬರೋದಿಲ್ಲ. ಎರಡು, ನಾಲ್ಕು, ಎಂಟು ಅಂತ ಹತ್ತು ಮೆಟ್ಟಿಲು ಹತ್ತಿದರೆ ಸಾವಿರದ ಇಪ್ಪತ್ತನಾಲ್ಕಕ್ಕೆ ಬರುತ್ತೆ. ಸಾವಿರಕ್ಕೆ ಹತ್ತಿರ ಇದೆಯಲ್ಲ, ಅದಕ್ಕೇ ಅದನ್ನೂ ಕೆ ಅಂತಾರೆ.

ಅಂದರೆ ಸಾವಿರಕ್ಕೆ ಇಪ್ಪತ್ತನಾಲ್ಕು ಕೊಸರು. ಮುನ್ನೂರ ಅರವತ್ತು ಸಲ. ಒಂದು ಹಾಳೆಯ ಹಿಂಬದಿಯಲ್ಲಿ ಗುಣಿಸಿದೆ. ಎಂಟು ಸಾವಿರದ ಆರುನೂರ ನಲವತ್ತು ಅಕ್ಷರ ಪುಕ್ಕಟೆ.

"ಸಾರ್, ಹೆಸರು ತೆಗೆಯೋದಿರಲಿ, ಇನ್ನೂ ಎರಡು ಪುಟ ಬೇಕಾದ್ರೆ ಸೇರಿಸಿ."

ಅವರಿಗೂ ಹುಮ್ಮಸ್ಸು ಬಂತು. ನಿಂತಲ್ಲೇ ಎರಡು ಪುಟ ಕೃತಜ್ಞತೆ ಹೇಳಿ ಬರೆಸಿದರು. ಗೈಡು, ಅತ್ತೆ ಮಾವ, ಕಾಲೇಜಿನ ಜವಾನ, ಕೊನೆಗೆ ನನಗೇ ಅರ್ಧ ಪುಟ. ಟೈಪ್ ಮಾಡುತ್ತಾ ನನಗೆ ನಾಚಿಕೆ ಆಗಿರಲಿಲ್ಲ ಅಂದರೆ ಸುಳ್ಳು. ಆದರೆ ಒಂದಕ್ಷರವನ್ನೂ ಕಮ್ಮಿ ಮಾಡಲಿಲ್ಲ.

ಮೂರೂಕಾಲಿಗೆ ಫ್ಲಾಪಿಗೆ ಕಾಪಿ ಮಾಡಲು ಕೊಟ್ಟೆ. ಫ್ಲಾಪಿ ಕರಕರ ಅಂತ ತಿರುಗಿ ತಿರುಗಿ ನಿಂತಿತು. ಜಾಗ ಸಾಲದು ಅಂತ ಪರದೆ ಮೇಲೆ ಬಂತು.

"ಕೊಸರು ಎಲ್ಲಿ ಹೋಯ್ತು ಮೇಡಂ?" ಲೆಕ್ಚರರ್ ದನಿ ಇಳಿದಿತ್ತು.

"ದಲ್ಲಾಳಿ ಎತ್ತಿಟ್ಟಿರ್ತಾನೆ, ರಾಶಿ ಒಳಗೆ ನೋಡೇ," ಅಂದಳು ಅಮ್ಮ. ಕಾಯಿ ರಾಶಿ ಹಾಕಿದ ಕೂಡಲೇ ದಲ್ಲಾಳಿ ತನ್ನ ಪಾಲಿಗೆ ನಾಲ್ಕು ಕಾಯಿ ಎತ್ತಿಕೊಳ್ಳೋದು ಮಂಡಿಯ ಪದ್ಧತಿ.

ನಾನು ಮೊದಲೇ ನೋಡಬೇಕಾಗಿದ್ದದ್ದನ್ನು ಆಗ ನೋಡಿದೆ. ಫ್ಲಾಪಿ ಖಾಲಿ ಮಾಡಿ, ಎಷ್ಟು ಜಾಗ ಇದೆ ಅಂತ ಅದನ್ನೇ ಕೇಳಿದೆ. ಮೂರು ಲಕ್ಷದ ಅರವತ್ತೆರಡು ಸಾವಿರದ ನಾನೂರ ತೊಂಬತ್ತಾರು. ಯಾವ ಫೈಲು ಎಲ್ಲಿದೆ ಅಂತ ಗುರುತಿಟ್ಟುಕೊಳ್ಳಲು ಯಂತ್ರ ಆರು ಸಾವಿರದಷ್ಟು ತನ್ನ ಪಾಲಿಗೆ ಮೊದಲೇ ತೆಗೆದಿಟ್ಟುಕೊಂಡಿತ್ತು. ಕೊಸರೂ ನಿಜ, ದಲ್ಲಾಳಿಯೂ ನಿಜ. ನೀವು ಏನೇ ಕೊಳ್ಳಿ, ಡಬ್ಬಿ ಮೇಲಿನ ಅಂಕಿ ನಂಬಬೇಡಿ, ಮಾರುವವನ ಬಾಯಿಯ ಅಂಕಿಯನ್ನೂ ನಂಬಬೇಡಿ. ಬಿಚ್ಚಿಸಿ ಎಣಿಸಿ.

ಮುಖ್ಯ ಥೀಸಿಸ್ಸು, ನಲವತ್ತು ಹೆಸರಿನ ಸಮೇತ, ಹಿಡಿಯುತ್ತಿತ್ತು. ಎರಡು ಪುಟ ಕೃತಜ್ಞತೆ ಹಿಡಿಯುತ್ತಿರಲಿಲ್ಲ. ಉಳಿಯೋದು ಸಾವಿರದ ಇನ್ನೂರ ತೊಂಬತ್ತಾರು ಅಕ್ಷರ, ಅಂದರೆ ಇಪ್ಪತ್ತು ಸಾಲು.

"ಹದಿನೆಂಟು ಸಾಲಿಗೆ ಇಳಿಸಿ ಸಾರ್. ಅತ್ತೆ ಮಾವನಿಗೆ ಸೇರಿಸಿ ಒಂದು ಸಾಲು ಸಾಕು."

"ನಿಮಗೆ?"

"ನನಗೂ ಒಂದು ಸಾಲು. ಅದರಲ್ಲಿ ಚೌಕಾಸಿ ಬೇಡ."

ಮೂರೂ ಮುಕ್ಕಾಲಿಗೆ ಎರಡನೇ ಸಲ ಕಾಪಿ ಕೊಟ್ಟೆ. ಮೂವರೂ ಫ್ಲಾಪಿಯ ಸದ್ದು ಕೇಳುತ್ತಾ ಕೂತೆವು. ಅಮ್ಮನ ಕೈಯಲ್ಲಿ ಸುಲಿಯದ ಕಾಯಿ ಹಾಗೇ ಇತ್ತು. ಒಂದು ಫೈಲು ಕಾಪಿ ಆಯಿತು ಅಂತ ಬಂದಾಗ ಲೆಕ್ಚರರ್ ನನ್ನ ಕೈಯಿಂದ ಫ್ಲಾಪಿ ಕಿತ್ತುಕೊಂಡಂತೆ ತಗೊಂಡು, ಅಂಗಿಯೊಳಗೆ ಎದೆಗೊತ್ತಿಕೊಂಡು ಬಸ್ ಸ್ಟ್ಯಾಂಡಿಗೆ ಓಡಿದರು.

ಥೀಸಿಸ್ಸಿನ ಒಂದು ಪ್ರತಿ ಆಮೇಲೆ ನನಗೂ ಬಂತು. ನಲವತ್ತು ಹೆಸರನ್ನೂ ಬೆರಳಿಟ್ಟು ಎಣಿಸಿದೆ. ನಲವತ್ತೊಂದಿದ್ದವು, ಒಂದನ್ನು ಲೆಕ್ಚರರ್ ಬೆಂಗಳೂರಲ್ಲೇ ಸೇರಿಸಿದ್ದರು. ಕೊನೆಯದು ಅಮ್ಮನದು.