ದೋಯ್ನಾ ಹಾಡಿಗೆ ನನ್ನ ಪಕ್ಕವಾದ್ಯ

ನ್ಯೂರೆಂಬರ್ಗಿನ ನಮ್ಮ ಬಿಲ್ಡಿಂಗಿನಲ್ಲಿ ನನ್ನ ಪಿಟೀಲಿನ ಮೇಲೆ ದೂರು ಕೊಡದವರು ಕೆಳಮನೆಯ ರೊಮೇನಿಯಾದ ಆಂಟಿ ಒಬ್ಬರೇ. ಭಾನುವಾರ ಕಮಾನು ಮುಟ್ಟಿದರೆ ಸಾಕು, ಉಳಿದವರು ರೂಹೆಝೈಟ್, ಅಂದರೆ ಸದ್ದು ಮಾಡಬಾರದ ಹೊತ್ತು, ಎಂದು ಬಾಗಿಲು ಬಡಿಯುತ್ತಾರೆ, ಇಲ್ಲಿ ಉಸಿರಾಡುವುದಕ್ಕೂ ಹೊತ್ತುಗೊತ್ತು ನೋಡಬೇಕು. ಆಂಟಿ ಮಾತ್ರ ಮೆಟ್ಟಿಲ ಮೇಲೆ ನಿಂತು ಕೇಳುತ್ತಿದ್ದರು.

ಅವರ ಅಣ್ಣ ಊರಿನಲ್ಲಿ ಪಿಟೀಲು ನುಡಿಸುತ್ತಿದ್ದರಂತೆ. ಮದುವೆಯಾಗಲಿ ಸಾವಾಗಲಿ, ತಂಗಿಯ ಹಾಡಿಗೆ ಅಣ್ಣನದೇ ಪಿಟೀಲು. ಅಣ್ಣ ತೀರಿಕೊಂಡ ಮೇಲೆ ಅವರ ಪದ್ಧತಿಯಂತೆ ಆಂಟಿ ಒಂದು ವರ್ಷ ಹಾಡಿರಲಿಲ್ಲ. ವರ್ಷ ತುಂಬುವ ದಿನ ಹತ್ತಿರ ಬಂದಾಗ ಹರುಕುಮುರುಕು ಜರ್ಮನ್‌ನಲ್ಲಿ ಕೇಳಿದರು.

"ದನಿ ಹೊರಡ್ತಾನೇ ಇಲ್ಲ ಕಣಮ್ಮ. ಅವತ್ತು ಹಾಡದಿದ್ರೆ ಇನ್ಯಾವತ್ತೂ ಹಾಡಲ್ಲ. ನೀನು ನುಡಿಸು."

"ನಿಮ್ಮ ಸಂಗೀತ ನಂಗೆ ಬರಲ್ಲ ಆಂಟಿ."

"ನನ್ನ ಹಿಂದೆ ಬಾ, ಸಾಕು."

ಹಿಂದೆ ಹೋಗುವುದೇನೋ ಗೊತ್ತು. ಮೈಸೂರಿನಲ್ಲಿ ಗಾಯಕರ ಪಕ್ಕ ಕೂತು ಬೆಳೆದವಳು ನಾನು.

ವರ್ಷ ತುಂಬಿದ ದಿನ ಚರ್ಚಿನ ಪಕ್ಕದ ಹಾಲ್‌ನಲ್ಲಿ ಚಕ್ಕಳಮಕ್ಕಳ ಹಾಕಿ ನೆಲದ ಮೇಲೆ ಕೂತೆ. ಗಾಬರಿಯಾದ ಮುದುಕರೊಬ್ಬರು ಕುರ್ಚಿ ತಂದರು, ಬೇಡವೆಂದೆ. ಆಂಟಿ ದೋಯ್ನಾ ಶುರು ಮಾಡಿದರು. ತಾಳವಿಲ್ಲದೆ ಎಳೆದೆಳೆದು ಹಾಡುವ ಹಾಡು, ನನ್ನ ಕಿವಿಗೆ ಥೇಟ್ ಆಲಾಪನೆ. ಎಡವಟ್ಟಾಗಿದ್ದೇ ಅಲ್ಲಿ. ಮೂರನೇ ಸಾಲಿನ ನಡುವೆ ಆಂಟಿ ಹಾಡು ನಿಲ್ಲಿಸಿದರು. ನಮ್ಮ ಕಛೇರಿಯ ಆಲಾಪನೆಯಲ್ಲಿ ಗಾಯಕರು ನಿಲ್ಲಿಸಿದರೆ ಮುಂದಿನದು ಪಿಟೀಲಿನ ಸರದಿ. ಕಣ್ಣು ಮುಚ್ಚಿಕೊಂಡೇ ಅವರ ಸಾಲನ್ನು ನುಡಿಸಿದೆ, ಮೇಲೆ ಒಂದೆರಡು ಗಮಕ ಬೇರೆ!

ಕಣ್ಣು ತೆರೆದರೆ ಇಡೀ ಹಾಲ್ ನನ್ನನ್ನೇ ನೋಡುತ್ತಿತ್ತು. ಆಂಟಿ ನನಗಾಗಿ ನಿಲ್ಲಿಸಿರಲಿಲ್ಲ, ಅವರ ಗಂಟಲು ಕಟ್ಟಿತ್ತು. ಅಯ್ಯೋ ದೇವರೇ, ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವರ ಹಾಡು ನನ್ನಿಂದಲೇ ನಿಂತುಹೋಯಿತೆಂದು ಅಳು ಬಂತು.

"ಏಯ್! ಯಾರು ಹೇಳಿದ್ದು ನಿಂಗೆ ನುಡಿಸು ಅಂತ? ನಾನಿನ್ನೂ ಮುಗಿಸಿಲ್ಲ!"

ಆಂಟಿ ಕೆಂಡಾಮಂಡಲವಾಗಿದ್ದರು. ಅದೇ ಸಿಟ್ಟಿನಲ್ಲಿ ಸಾಲನ್ನು ನನ್ನಿಂದ ಕಿತ್ತುಕೊಂಡು ಗೋಡೆ ಅದುರುವ ಹಾಗೆ ಹಾಡಿದರು. ಒಂದು ಕಡೆಯೂ ದನಿ ನಡುಗಲಿಲ್ಲ. ನಾನು ಬಾಲ ಮುದುರಿಕೊಂಡು ಕೊನೆಯವರೆಗೂ ಅವರ ಹಿಂದೆ ಹೋದೆ.

ಊಟಕ್ಕೆ ಕೂತಾಗ ಸಾರಿ ಕೇಳಿದೆ. ನನಗೆಂದೇ ಆಂಟಿ ಮಾಂಸವಿಲ್ಲದೆ, ಕೋಸಿನೆಲೆಯಲ್ಲಿ ಅನ್ನ ಸುತ್ತಿ ಬೇಯಿಸಿದ್ದರು. ಇನ್ನೊಂದನ್ನು ನನ್ನ ತಟ್ಟೆಗೆ ಹಾಕಿದರು.

"ಅಣ್ಣಾನೂ ಹೀಗೇ ಮಧ್ಯೆ ಬಾಯಿ ಹಾಕ್ತಿದ್ದ. ಅವನು ಸಾಯೋವರೆಗೂ ಬೈದೆ, ಆ ಚಾಳಿ ಬಿಡಲಿಲ್ಲ," ಎಂದು ಸೆರಗಿಲ್ಲದ ಆಂಟಿ ಕೈಯಲ್ಲೇ ಕಣ್ಣು ಒರೆಸಿಕೊಂಡರು. "ಒಂದು ವರ್ಷದಿಂದ ಬೈಯೋಕೆ ಯಾರೂ ಇರಲಿಲ್ಲ."